ಟ್ರ್ಯಾಕ್‌ಗೆ ಹೊರಟ ಕಾರು, ಮೊದಲು ಸವೆಯುವ ಟೈರು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲಿವೆ. ಹಾಸನ, ಚಿಕ್ಕಮಗಳೂರು ಕಡೆಯ ಹುಡುಗರು ತಮ್ಮ ದಿನಬಳಕೆಯ ಕಾರನ್ನೇ ತೆಗೆದುಕೊಂಡು ಚೆನ್ನೈಗೋ ಕೊಯಮತ್ತೂರಿಗೋ ಟ್ರ್ಯಾಕ್ ಡೇಗೆ, ಅಂದರೆ ಸ್ವಂತ ಕಾರನ್ನು ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವ ದಿನಕ್ಕೆ, ಹೋಗುತ್ತಿದ್ದಾರೆ. ಎಲ್ಲವೂ ಮುಂದಿನ ಚಕ್ರಗಳು ಎಳೆಯುವ ಕಾರುಗಳೇ, ಸ್ವಿಫ್ಟ್, ಪೋಲೋ, ಐ20, ಬಲೆನೊ. ಅದಕ್ಕೇ ಈ ಸಲ ಅಂಕಣವನ್ನು ಪೂರ್ತಿ ಅಲೈನ್‌ಮೆಂಟ್ ಮತ್ತು ಟೈರ್‌ಗೆ ಬಿಟ್ಟಿದ್ದೇನೆ.

ಪ್ರಶ್ನೆ: ನನ್ನದು ಪೆಟ್ರೋಲ್ ಸ್ವಿಫ್ಟ್. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ನಲ್ಲಿ ಮೊದಲ ಸಲ ಒಂದು ದಿನ ಓಡಿಸಿದೆ. ವಾಪಸ್ ಬಂದು ನೋಡಿದರೆ ಮುಂದಿನ ಎರಡೂ ಟೈರ್‌ಗಳ ಹೊರ ಅಂಚು ಕಿತ್ತುಹೋಗಿದೆ, ಎಡಗಡೆಯದು ಜಾಸ್ತಿ. ನಡುವೆ, ಒಳಗೆ ಹೊಸದರಂತಿದೆ. ಹೋಗುವ ಮೊದಲು ಅಲೈನ್‌ಮೆಂಟ್ ಮಾಡಿಸಿದ್ದೆ, ಮೆಷಿನ್‌ನಲ್ಲಿ ಎಲ್ಲಾ ಹಸಿರು ತೋರಿಸಿತ್ತು. ಇನ್ನೂ ಒಳ್ಳೆಯ ಟೈರ್ ಹಾಕಿಸಬೇಕಾ? — ಹಾಸನದ ಓದುಗರು

ಉತ್ತರ: ಟೈರ್ ಕೊಳ್ಳಬೇಡಿ, ಈಗಲೇ ಬೇಡ. ಎಷ್ಟು ದುಬಾರಿ ಟೈರ್ ಹಾಕಿದರೂ ಅದರ ಹೊರ ಅಂಚು ಹೀಗೇ ಹೋಗುತ್ತದೆ. ನಿಮಗೆ ಬೇಕಾಗಿರುವುದು ಕ್ಯಾಂಬರ್, ಅಂದರೆ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವ ಕೋನ.

ಮೆಷಿನ್ ತೋರಿಸುವ ಹಸಿರು ರಸ್ತೆಯ ಲೆಕ್ಕ. ನೇರವಾಗಿ ಹೋಗುವಾಗ ಟೈರ್ ಸಮನಾಗಿ ಸವೆಯಲಿ ಎಂದು ಕಂಪನಿ ಇಟ್ಟ ಅಳತೆ ಅದು. ಟ್ರ್ಯಾಕ್‌ನಲ್ಲಿ ಕಾರು ತಿರುವಿನಲ್ಲಿ ವಾಲುತ್ತದೆ, ಭಾರವೆಲ್ಲ ಹೊರಗಿನ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಈ ಕಾರುಗಳಲ್ಲಿ ಒಟ್ಟು ತೂಕದ 60 ಭಾಗಕ್ಕಿಂತ ಹೆಚ್ಚು ಮೊದಲೇ ಮುಂದಿರುತ್ತದೆ. ಅದೇ ಟೈರ್ ಎಳೆಯಬೇಕು, ಅದೇ ತಿರುಗಿಸಬೇಕು, ಬ್ರೇಕ್‌ನ ದೊಡ್ಡ ಪಾಲನ್ನೂ ಅದೇ ಹೊರಬೇಕು. ಜೊತೆಗೆ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿರುವ ಸಸ್ಪೆನ್ಷನ್. ಕಾರು 3 ಡಿಗ್ರಿ ವಾಲಿದರೆ ಅದರಲ್ಲಿ ಬಹುಪಾಲು ಚಕ್ರಕ್ಕೂ ಬರುತ್ತದೆ, ಚಕ್ರದ ತಲೆ ಹೊರಕ್ಕೆ ಬಾಗುತ್ತದೆ. ಆಗ ಟೈರ್ ನೆಲಕ್ಕೆ ತಾಗುವುದು ಹೊರ ಅಂಚಿನಲ್ಲಿ ಮಾತ್ರ. ನಿಮ್ಮ ಟೈರ್ ತೋರಿಸುತ್ತಿರುವುದು ಇದನ್ನೇ. ಬಲ ತಿರುವು ಹೆಚ್ಚಿದ್ದಲ್ಲಿ ಎಡ ಟೈರ್ ಮೊದಲು ಹೋಗುತ್ತದೆ, ಆ ವ್ಯತ್ಯಾಸಕ್ಕೆ ಗಾಬರಿ ಬೇಡ.

ಹಾಗಾಗಿ ನಿಂತಿರುವಾಗಲೇ ಚಕ್ರದ ತಲೆಯನ್ನು ಸ್ವಲ್ಪ ಒಳಕ್ಕೆ ವಾಲಿಸಿ ಇಡಬೇಕು. ಇದೇ ನೆಗೆಟಿವ್ ಕ್ಯಾಂಬರ್. ದಿನಾ ಓಡಿಸುವ ಕಾರು, ರಸ್ತೆಯ ಟೈರ್ ಅಂದರೆ ಮುಂದೆ ಮೈನಸ್ ಒಂದೂವರೆಯಿಂದ 2 ಡಿಗ್ರಿ ಸಾಕು. ಅಂಟುವ ಸಾಫ್ಟ್ ಟೈರ್ ಹಾಕಿದವರು ಎರಡೂವರೆಯಿಂದ 3ರವರೆಗೆ ಹೋಗುತ್ತಾರೆ, ಏಕೆಂದರೆ ಹಿಡಿತ ಹೆಚ್ಚಿದಷ್ಟೂ ಕಾರು ಹೆಚ್ಚು ವಾಲುತ್ತದೆ.

ಖರ್ಚಿಲ್ಲದ ದಾರಿ ಮೊದಲು. ಸ್ಟ್ರಟ್ ಮತ್ತು ನಕಲ್ (ಚಕ್ರದ ಹಬ್ ಹಿಡಿದಿರುವ ಲೋಹದ ಭಾಗ) ಸೇರುವಲ್ಲಿ ಎರಡು ಬೋಲ್ಟ್ ಇರುವ ಕಾರಾದರೆ ಆ ರಂಧ್ರಗಳಲ್ಲಿ ಕೊಂಚ ಸಡಿಲ ಇರುತ್ತದೆ. ಬೋಲ್ಟ್ ಸಡಿಲಿಸಿ, ಚಕ್ರದ ತಲೆಯನ್ನು ಒಳಕ್ಕೆ ಒತ್ತಿ ಹಿಡಿದು ಮತ್ತೆ ಬಿಗಿ ಮಾಡಿದರೆ ಅಷ್ಟಕ್ಕೇ ಸ್ವಲ್ಪ ಸಿಗುತ್ತದೆ. ಸಾಲದಿದ್ದರೆ ಕ್ಯಾಂಬರ್ ಬೋಲ್ಟ್ ಹಾಕಿ. ಅದರ ನಡುಭಾಗ ಗುಂಡಗಿರದೆ ಒಂದು ಕಡೆ ಉಬ್ಬಿರುತ್ತದೆ, ತಿರುಗಿಸಿದರೆ ಒಂದು ಡಿಗ್ರಿಯ ಆಸುಪಾಸು ಬರುತ್ತದೆ. ಅದಕ್ಕೂ ಜಾಸ್ತಿ ಬೇಕಾದರೆ ಮೇಲಿನ ಮೌಂಟ್ ಬದಲಿಸುವ ಕ್ಯಾಂಬರ್ ಪ್ಲೇಟ್, ಅದು ದುಬಾರಿ ಮತ್ತು ನಮ್ಮ ಊರಿನ ರಸ್ತೆಗಳಲ್ಲಿ ಸದ್ದು ಮಾಡುತ್ತದೆ. ಪೋಲೋದಂಥ ಕಾರಿನಲ್ಲಿ ಸ್ಟ್ರಟ್ ನೇರ ನಕಲ್ ಒಳಗೇ ಕೂರುತ್ತದೆ, ಅಲ್ಲಿ ಬೋಲ್ಟ್‌ನ ಉಪಾಯ ನಡೆಯುವುದಿಲ್ಲ. ಸುಮ್ನೆ ಕಾರನ್ನು ತೀರಾ ಕೆಳಗಿಳಿಸಿ ಕ್ಯಾಂಬರ್ ಬಂತು ಅಂದುಕೊಳ್ಳಬೇಡಿ. ತುಂಬಾ ಇಳಿಸಿದರೆ ಚಕ್ರವನ್ನು ಕಾರಿಗೆ ಹಿಡಿದಿಡುವ ಕೆಳಗಿನ ಆರ್ಮ್ ಮೇಲ್ಮುಖವಾಗುತ್ತದೆ, ಆಮೇಲೆ ಸ್ಟ್ರಟ್ ಒತ್ತಿದಾಗ ಇದ್ದ ಕ್ಯಾಂಬರ್ ಕೂಡ ಕಳೆದುಹೋಗುತ್ತದೆ.

ಒಂದು ಮಾತು ಇಲ್ಲಿ ಹೇಳಲೇಬೇಕು. ಕ್ಯಾಂಬರ್ ಮುಟ್ಟಿದರೆ ಟೋ ಬದಲಾಗುತ್ತದೆ, ಪ್ರತಿ ಸಲವೂ. ಟೋ ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳ ಮುಂತುದಿ ಒಳಕ್ಕೋ (ಟೋ ಇನ್) ಹೊರಕ್ಕೋ (ಟೋ ಔಟ್) ತಿರುಗಿರುವುದು. ಕೆಲವು ವರ್ಷಗಳ ಹಿಂದೆ ಒಂದು ಕಡೆ ಕ್ಯಾಂಬರ್ ಹಾಕಿಸಿಕೊಂಡು, ಟೋ ನೋಡಿದ್ದಾರಾ ಎಂದು ಕೇಳದೆ ನಾನು ರಾತ್ರಿಯೇ ಚೆನ್ನೈಗೆ ಹೊರಟೆ. ಅವರು ನೋಡಿರಲಿಲ್ಲ. ಹೋಗಿ ಬರುವಷ್ಟರಲ್ಲಿ ಎರಡೂ ಮುಂದಿನ ಟೈರ್‌ಗಳ ಒಳ ಅಂಚಿನಲ್ಲಿ ತಂತಿ ಕಾಣುತ್ತಿತ್ತು. ಕುಣಿಗಲ್ ಹತ್ತಿರ ಮಳೆಯಲ್ಲಿ ಆ ಟೈರ್ ಸಿಡಿದಿದ್ದರೆ ಏನಾಗುತ್ತಿತ್ತು ಎಂದು ಇವತ್ತಿಗೂ ಯೋಚಿಸುತ್ತೇನೆ. ಕ್ಯಾಂಬರ್ ಟೈರ್ ತಿನ್ನುತ್ತದೆ ಎಂದು ಜನ ಬೈಯುತ್ತಾರೆ, ಆದರೆ ಮೈನಸ್ 2 ಡಿಗ್ರಿ ಇದ್ದೂ ಟೋ ಸರಿಯಿದ್ದರೆ ಟೈರ್ ಬಾಳುತ್ತದೆ. ತಿನ್ನುವುದು ಟೋ.

ಪ್ರಶ್ನೆ: ಹಾಗಾದರೆ ಟೋ ಎಷ್ಟಿಡಬೇಕು? ಒಳಗೋ ಹೊರಗೋ? ಹಿಂದಿನ ಚಕ್ರಕ್ಕೂ ಹೊರಗಿಟ್ಟರೆ ಕಾರು ಚೆನ್ನಾಗಿ ತಿರುಗುತ್ತದೆ ಎಂದು ಗೆಳೆಯ ಹೇಳುತ್ತಾನೆ. — ಮೂಡಿಗೆರೆ

ಉತ್ತರ: ಮುಂದೆ ಸೊನ್ನೆಯಿಂದ, ಎರಡೂ ಚಕ್ರ ಸೇರಿ ಒಟ್ಟು 2 ಮಿಮೀ ಹೊರಕ್ಕೆ. ಅದಕ್ಕಿಂತ ಜಾಸ್ತಿ ಬೇಡ. ಟೋ ಔಟ್ ಇದ್ದರೆ ಸ್ಟೇರಿಂಗ್ ತಿರುಗಿಸಿದ ತಕ್ಷಣ ಮೂತಿ ಒಳಗೆ ಬರುತ್ತದೆ. ಮುಂದಿನ ಚಕ್ರಗಳು ಎಳೆಯುವಾಗ ಬುಷ್‌ಗಳು, ಅಂದರೆ ಕೀಲುಗಳಲ್ಲಿರುವ ರಬ್ಬರ್‌ಗಳು, ಬಾಗಿ ಚಕ್ರಗಳು ಸ್ವಲ್ಪ ಒಳಮುಖವಾಗುತ್ತವೆ, ಹಾಗಾಗಿ ನಿಂತಾಗ ಕೊಂಚ ಹೊರಗಿದ್ದದ್ದು ಓಡುವಾಗ ನೇರಕ್ಕೆ ಬರುತ್ತದೆ. ಬ್ರೇಕ್ ಒತ್ತಿದಾಗ ಇದರ ಉಲ್ಟಾ. ಅದಕ್ಕೇ ಟೋ ಔಟ್ ಜಾಸ್ತಿಯಾದ ಕಾರು ಜೋರು ಬ್ರೇಕ್‌ನಲ್ಲಿ ಅತ್ತಿತ್ತ ಹುಡುಕುತ್ತದೆ. ಬುಷ್ ಹಳತಾಗಿದ್ದರೆ ಈ ಅಳತೆಗಳಿಗೆ ಅರ್ಥವೇ ಇಲ್ಲ, ಮೊದಲು ಲೋವರ್ ಆರ್ಮ್ ಬುಷ್ ಮತ್ತು ಬಾಲ್ ಜಾಯಿಂಟ್ ನೋಡಿಸಿ.

ಹಿಂದಿನದರ ಬಗ್ಗೆ ನಿಮ್ಮ ಗೆಳೆಯ ಹೇಳಿದ್ದು ಸುಳ್ಳಲ್ಲ. ಆದರೆ ನೀವು ಅದನ್ನು ಮಾಡಬೇಡಿ. ಹಿಂದೆ ಟೋ ಔಟ್ ಇಟ್ಟರೆ ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟ ಕ್ಷಣ ಹಿಂಭಾಗ ಜಾರುತ್ತದೆ. ಖಾಲಿ ಟ್ರ್ಯಾಕ್‌ನಲ್ಲಿ ಅನುಭವಿಗೆ ಅದು ಉಪಯೋಗ. ಕೊಟ್ಟಿಗೆಹಾರದ ಮಳೆಯಲ್ಲಿ, ಹಿಂದಿನ ಸೀಟಿನಲ್ಲಿ ಮನೆಯವರಿದ್ದಾಗ, ಎದುರಿಗೆ ಬಸ್ಸು ಬಂತೆಂದು ಕಾಲು ತೆಗೆದಾಗ ಅದು ಅಪಘಾತ. ಅಲ್ಲದೆ ಈ ಕಾರುಗಳ ಹಿಂದೆ ಇರುವುದು ಟಾರ್ಷನ್ ಬೀಮ್, ಅಂದರೆ ಎರಡೂ ಹಿಂದಿನ ಚಕ್ರಗಳನ್ನು ಸೇರಿಸುವ ಒಂದೇ ತೊಲೆ. ಅದರಲ್ಲಿ ತಿರುಗಿಸಲು ಏನೂ ಇಲ್ಲ, ಸ್ಟಬ್ ಆಕ್ಸಲ್ (ಚಕ್ರ ಕೂರುವ ಗಿಡ್ಡ ಅಚ್ಚು) ಮತ್ತು ಬೀಮ್ ನಡುವೆ ಶಿಮ್ ಎಂಬ ತೆಳು ಲೋಹದ ತುಂಡು ಇಟ್ಟೇ ಬದಲಿಸಬೇಕು. ಕಂಪನಿ ಕೊಟ್ಟ ಟೋ ಇನ್ ಹಾಗೇ ಇರಲಿ. ಅಳತೆ ಮಾತ್ರ ಮಾಡಿಸಿ, ಎಡ ಬಲ ತುಂಬಾ ಬೇರೆಯಿದ್ದರೆ ಬೀಮ್ ಎಲ್ಲೋ ಪೆಟ್ಟು ತಿಂದಿದೆ ಎಂದು ಅರ್ಥ.

ಪ್ರಶ್ನೆ: ನಮ್ಮ ತೋಟದಲ್ಲಿ ಕಾಫಿ ಒಣಗಿಸುವ ಸಿಮೆಂಟ್ ಕಣ ಇದೆ. ಅಲ್ಲೇ ನಾನೇ ಅಲೈನ್‌ಮೆಂಟ್ ಮಾಡಿಕೊಳ್ಳಬಹುದಾ? ಪ್ರತಿ ಸಲ ಪೇಟೆಗೆ ಹೋಗಿ ದುಡ್ಡು ಕೊಟ್ಟು ಸಾಕಾಗಿದೆ. — ಆಲ್ದೂರು ಸಮೀಪದ ಬೆಳೆಗಾರರು

ಉತ್ತರ: ಖಂಡಿತ ಮಾಡಬಹುದು, ಈ ಪತ್ರ ಓದಿ ನನಗೆ ನಿಜಕ್ಕೂ ಖುಷಿಯಾಯಿತು. ರೇಸ್ ತಂಡಗಳು ಇವತ್ತಿಗೂ ದಾರ ಕಟ್ಟಿಯೇ ಟೋ ನೋಡುತ್ತವೆ. ಕೆಲಸ ನಿಧಾನ, ಆದರೆ ಒಮ್ಮೆ ಕೈ ಕೂತರೆ ಯಾರನ್ನೂ ನಂಬಿ ಕೂರಬೇಕಿಲ್ಲ.

ಮೊದಲ ತೊಂದರೆ ಕಣವೇ. ನೋಡಲು ಸಮ ಅನ್ನಿಸುತ್ತದೆ, ಆದರೆ ಮಳೆ ನೀರು ಹರಿದುಹೋಗಲಿ ಎಂದು ಕಟ್ಟುವಾಗಲೇ ಇಳಿಜಾರು ಕೊಟ್ಟಿರುತ್ತಾರೆ. ಟೋ ಅಳತೆಗೆ ಇದರಿಂದ ಹೆಚ್ಚು ತೊಂದರೆಯಿಲ್ಲ, ಕ್ಯಾಂಬರ್ ಮಾತ್ರ ಪೂರ್ತಿ ತಪ್ಪುತ್ತದೆ. ಗಾರೆ ಮೇಸ್ತ್ರಿ ಬಳಸುವ ನೀರಿನ ಟ್ಯೂಬ್ ಲೆವೆಲ್ ತನ್ನಿ. ನಾಲ್ಕು ಚಕ್ರ ನಿಲ್ಲುವ ಜಾಗ ಗುರುತು ಮಾಡಿ, ಯಾವುದು ಎತ್ತರ ನೋಡಿ, ಉಳಿದ ಮೂರರ ಕೆಳಗೆ ಪ್ಲೈವುಡ್ ತುಂಡು, ನೆಲದ ಟೈಲ್ಸ್ ಜೋಡಿಸಿ ನಾಲ್ಕನ್ನೂ ಒಂದೇ ಮಟ್ಟಕ್ಕೆ ತನ್ನಿ. ಒಂದು ಸಲ ಮಾಡಿ ಬಣ್ಣದಲ್ಲಿ ಗುರುತು ಹಾಕಿಟ್ಟರೆ ಮುಂದೆ ಹತ್ತು ನಿಮಿಷದ ಕೆಲಸ. ಕೊಯ್ಲಿನ ಕಾಲದಲ್ಲಿ ಕಣ ಸಿಗುವುದಿಲ್ಲ, ಅದನ್ನು ನಿಮಗೆ ನಾನು ಹೇಳಬೇಕಿಲ್ಲ.

ಮುಂದಿನ ಚಕ್ರಗಳ ಕೆಳಗೆ ಎರಡೆರಡು ಟೈಲ್ಸ್, ನಡುವೆ ಗ್ರೀಸ್. ಇಲ್ಲದಿದ್ದರೆ ಗೊಬ್ಬರದ ಚೀಲದ ಪ್ಲಾಸ್ಟಿಕ್ ಎರಡು ಪದರ. ಚಕ್ರ ನೆಲಕ್ಕೆ ಕಚ್ಚಿಕೊಂಡಿದ್ದರೆ ನೀವು ಟೈ ರಾಡ್ (ಸ್ಟೇರಿಂಗ್‌ನಿಂದ ಚಕ್ರಕ್ಕೆ ಹೋಗುವ ಸರಳು) ತಿರುಗಿಸಿದ್ದು ಟೈರ್‌ನಲ್ಲೇ ಮುರುಟಿಕೊಂಡು ನಿಲ್ಲುತ್ತದೆ, ಅಳತೆ ಸುಳ್ಳಾಗುತ್ತದೆ. ನಾಲ್ಕೂ ಟೈರ್‌ಗೆ ಗಾಳಿ ಸರಿಮಾಡಿ. ಡ್ರೈವರ್ ಸೀಟಿನಲ್ಲಿ ನಿಮ್ಮ ತೂಕ ಇರಬೇಕು. 50 ಕೆಜಿಯ ಕಾಫಿ ಚೀಲ ಒಂದು, ಜೊತೆಗೆ ಕಡಿಮೆ ಬಿದ್ದಷ್ಟಕ್ಕೆ ಇನ್ನೊಂದು ಸಣ್ಣ ಚೀಲ ಇಡಿ. ಸ್ಟೇರಿಂಗ್ ನೇರ ಮಾಡಿ ಅಲ್ಲಾಡದಂತೆ ಕಟ್ಟಿ.

ಕಾರಿನ ಎರಡೂ ಪಕ್ಕದಲ್ಲಿ ಚಕ್ರದ ನಡುಮಟ್ಟದ ಎತ್ತರಕ್ಕೆ ಮೀನಿನ ದಾರ ಬಿಗಿಯಾಗಿ ಎಳೆಯಿರಿ. ಎರಡೂ ದಾರ ಒಂದಕ್ಕೊಂದು ಸಮಾನಾಂತರ ಇರಬೇಕು, ಕಾರಿನಿಂದಲೂ ಸಮದೂರ ಇರಬೇಕು. ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಮುಂದಿನ ಎರಡು ಚಕ್ರಗಳ ನಡುವಿನ ಅಗಲ ಮತ್ತು ಹಿಂದಿನದು ಹಲವು ಕಾರುಗಳಲ್ಲಿ ಒಂದೇ ಇರುವುದಿಲ್ಲ. ಆದ್ದರಿಂದ ದಾರವನ್ನು ಹಬ್‌ನ ನಡುವಿನಿಂದ ಅಳೆಯುವಾಗ ಮುಂದಿನ ಎಡ ಮತ್ತು ಮುಂದಿನ ಬಲ ಒಂದೇ ಇರಲಿ, ಹಿಂದಿನ ಎಡ ಮತ್ತು ಬಲ ಒಂದೇ ಇರಲಿ. ಮುಂದೆ ಹಿಂದೆ ಒಂದೇ ಇರಬೇಕು ಎಂದು ಎಳೆದರೆ ಕೆಟ್ಟಿತು. ಆಮೇಲೆ ರಿಮ್‌ನ ಮುಂದಿನ ಅಂಚಿನಿಂದ ದಾರಕ್ಕೆ ಎಷ್ಟು, ಹಿಂದಿನ ಅಂಚಿನಿಂದ ಎಷ್ಟು, ಉಕ್ಕಿನ ಸ್ಕೇಲ್‌ನಲ್ಲಿ ನೋಡಿ. ಮುಂದಿನ ಅಂಚು ದಾರಕ್ಕೆ ಹತ್ತಿರ ಇದ್ದರೆ ಟೋ ಔಟ್. 15 ಇಂಚಿನ ರಿಮ್‌ನ ಅಂಚಿನಿಂದ ಅಂಚಿಗೆ ಸುಮಾರು 400 ಮಿಮೀ ಬರುತ್ತದೆ, ಅಲ್ಲಿ 1 ಮಿಮೀ ವ್ಯತ್ಯಾಸ ಅಂದರೆ ಸುಮಾರು 0.14 ಡಿಗ್ರಿ. ಎಡ ಬಲ ಟೈ ರಾಡ್ ಎರಡನ್ನೂ ಒಂದೇ ಪ್ರಮಾಣದಲ್ಲಿ ತಿರುಗಿಸಿ, ಇಲ್ಲದಿದ್ದರೆ ಸ್ಟೇರಿಂಗ್ ವಾರೆಯಾಗುತ್ತದೆ.

ಕ್ಯಾಂಬರ್‌ಗೆ ತೂಕದ ಗುಂಡು ಸಾಕು. ರಿಮ್‌ನ ಪಕ್ಕದಲ್ಲಿ ಮೇಲಿನಿಂದ ಇಳಿಬಿಟ್ಟು, ದಾರದಿಂದ ರಿಮ್‌ನ ಮೇಲಂಚಿಗೆ ಮತ್ತು ಕೆಳಂಚಿಗೆ ಅಳೆಯಿರಿ. ಅದೇ 400 ಮಿಮೀ ಲೆಕ್ಕದಲ್ಲಿ 7 ಮಿಮೀ ವ್ಯತ್ಯಾಸ ಒಂದು ಡಿಗ್ರಿ, 14 ಮಿಮೀ ಎರಡು ಡಿಗ್ರಿ. ಪ್ರತಿ ಬದಲಾವಣೆಯ ನಂತರ ಕಾರನ್ನು ಕೆಲವು ಅಡಿ ಹಿಂದೆ ಮುಂದೆ ಉರುಳಿಸಿ, ಬಾನೆಟ್ ಒತ್ತಿ ಬಿಟ್ಟು, ಮತ್ತೆ ಅಳೆಯಿರಿ. ಅಳತೆಗಳನ್ನು ಪುಸ್ತಕದಲ್ಲಿ ಬರೆಯಿರಿ, ದಿನಾಂಕದ ಜೊತೆಗೆ.

ಪ್ರಶ್ನೆ: ಗಾಳಿ ಎಷ್ಟು? ಸಕಲೇಶಪುರದಲ್ಲಿ ಬೆಳಿಗ್ಗೆ ಚಳಿಯಲ್ಲಿ ಹೊಡೆಸಿಕೊಂಡು ಹೋಗುತ್ತೇನೆ, ಅಲ್ಲಿ ಹೋದಾಗ ಗೇಜ್ ಬೇರೆ ತೋರಿಸುತ್ತದೆ. ನೈಟ್ರೋಜನ್ ಹಾಕಿಸಿದರೆ ಸರಿಹೋಗುತ್ತದಾ? — ಸಕಲೇಶಪುರ

ಉತ್ತರ: ನಿಮ್ಮ ಗೇಜ್ ಸರಿಯಾಗಿಯೇ ಹೇಳುತ್ತಿದೆ. ಇಲ್ಲಿ ಎರಡು ವಿಷಯ ಒಂದಕ್ಕೊಂದು ವಿರುದ್ಧ ಎಳೆಯುತ್ತವೆ. ಬಿಸಿ ಏರಿದರೆ ಒತ್ತಡ ಏರುತ್ತದೆ, 10 ಡಿಗ್ರಿಗೆ ಸುಮಾರು ಒಂದೂವರೆ ಪಿಎಸ್‌ಐ. ಆದರೆ ಗೇಜ್ ತೋರಿಸುವುದು ಟೈರ್ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಎಂಬುದನ್ನು. ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ. ಚೆನ್ನೈ ಕಡೆ ಇಳಿದಾಗ ಹೊರಗಿನ ಗಾಳಿಯ ಒತ್ತಡವೇ ಏರುತ್ತದೆ, ಅದರಿಂದ ಗೇಜ್ ಒಂದೂವರೆ ಪಿಎಸ್‌ಐ ಆಸುಪಾಸು ಕಡಿಮೆ ತೋರಿಸುತ್ತದೆ. ಹಾಗಾಗಿ ಊರಲ್ಲಿ ಹೊಡೆಸಿದ ಲೆಕ್ಕ ಅಲ್ಲಿಗೆ ನಡೆಯುವುದಿಲ್ಲ. ಟ್ರ್ಯಾಕ್ ತಲುಪಿ, ಕಾರು ನೆರಳಲ್ಲಿ ತಣ್ಣಗಾದ ಮೇಲೆ ಶುರು ಮಾಡಿ. ಸ್ವಂತ ಗೇಜ್ ಇಟ್ಟುಕೊಳ್ಳಿ. ಬಂಕ್‌ಗಳ ಗೇಜ್‌ಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಎರಡು ಮೂರು ಪಿಎಸ್‌ಐ ವ್ಯತ್ಯಾಸ ಸಾಮಾನ್ಯ.

ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿರುವ ಒತ್ತಡದಿಂದ ಆರಂಭಿಸಿ. ನಾಲ್ಕೈದು ಲ್ಯಾಪ್ ಓಡಿಸಿ, ನೇರ ಪಿಟ್‌ಗೆ (ಟ್ರ್ಯಾಕ್ ಪಕ್ಕದಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ) ಬಂದು ಕೂಡಲೇ ಅಳೆಯಿರಿ. ಮುಂದಿನವು ಐದಾರು ಪಿಎಸ್‌ಐ ಏರಿರುತ್ತವೆ, ಹಿಂದಿನವು ಅಷ್ಟು ಏರಿರುವುದಿಲ್ಲ. ರಸ್ತೆಯ ಟೈರ್‌ಗೆ ಬಿಸಿಯಲ್ಲಿ ಮುಂದೆ 34, 35 ಪಿಎಸ್‌ಐ ಒಳ್ಳೆಯ ಗುರಿ. ಅದಕ್ಕಿಂತ ಹೆಚ್ಚಿದ್ದಷ್ಟನ್ನು ಬಿಡಿ. ಟೈರ್‌ನ ಭುಜದ ಮೇಲೆ ಸೀಮೆಸುಣ್ಣದಲ್ಲಿ ಅಡ್ಡ ಗೆರೆ ಎಳೆದಿಟ್ಟರೆ ಇನ್ನೂ ಸ್ಪಷ್ಟವಾಗುತ್ತದೆ. ಗೆರೆ ಪಕ್ಕದ ಗೋಡೆಯವರೆಗೂ ಅಳಿಸಿಹೋಗಿದ್ದರೆ ಟೈರ್ ಮಗುಚುತ್ತಿದೆ, ಗಾಳಿ ಅಥವಾ ಕ್ಯಾಂಬರ್ ಕಡಿಮೆ. ಭುಜದ ತುದಿಯನ್ನೇ ಮುಟ್ಟಿಲ್ಲದಿದ್ದರೆ ಗಾಳಿ ಜಾಸ್ತಿ. ಚುಚ್ಚುವ ಥರ್ಮಾಮೀಟರ್ ಸಿಕ್ಕರೆ ಒಳಗೆ, ನಡುವೆ, ಹೊರಗೆ ಮೂರು ಕಡೆ ನೋಡಿ. ನಡುವೆ ಹೆಚ್ಚು ಬಿಸಿ ಅಂದರೆ ಗಾಳಿ ಜಾಸ್ತಿ, ಹೊರಗೆ ಹೆಚ್ಚು ಅಂದರೆ ಕ್ಯಾಂಬರ್ ಸಾಲದು. ಒಳಗಿನ ಅಂಚು ಹೊರಗಿನದಕ್ಕಿಂತ ಕೆಲವು ಡಿಗ್ರಿ ಬಿಸಿ ಇರುವುದು ಸರಿಯಾದ ಲಕ್ಷಣ.

ಕಾರು ತಿರುಗದೆ ನೇರ ಹೋಗುತ್ತಿದ್ದರೆ ಹಿಂದೆ 2 ಪಿಎಸ್‌ಐ ಹೆಚ್ಚಿಸಿ ನೋಡಿ. ಹಿಂದಿನ ಹಿಡಿತ ಸ್ವಲ್ಪ ಕಡಿಮೆಯಾಗಿ ಮೂತಿ ಒಳಗೆ ಬರುತ್ತದೆ. ಶಿಮ್ ಇಲ್ಲದೆ, ಖರ್ಚಿಲ್ಲದೆ, ಎರಡು ನಿಮಿಷದಲ್ಲಿ ವಾಪಸ್ ಮಾಡಬಹುದಾದ ಬದಲಾವಣೆ ಇದು. ಮಳೆ ಬಂದರೆ ಮಾತ್ರ ತಕ್ಷಣ ಮೊದಲಿನ ಒತ್ತಡಕ್ಕೇ ತನ್ನಿ.

ನೈಟ್ರೋಜನ್ ಕೂಡ ಬಿಸಿಗೆ ಇದೇ ರೀತಿ ಹಿಗ್ಗುತ್ತದೆ, ಸಾಮಾನ್ಯ ಗಾಳಿಯಲ್ಲೇ 78 ಭಾಗ ಅದೇ ಇದೆಯಲ್ವಾ. ವ್ಯತ್ಯಾಸ ಮಾಡುವುದು ತೇವಾಂಶ. ಮಳೆಗಾಲದಲ್ಲಿ ನೀರು ತೆಗೆಯದ ಕಂಪ್ರೆಸರ್‌ನಿಂದ ಗಾಳಿ ಹೊಡೆಸಿದರೆ ಟೈರ್ ಒಳಗೆ ನೀರೂ ಹೋಗುತ್ತದೆ, ಬಿಸಿಯಾದಾಗ ಅದು ಆವಿಯಾಗಿ ಒತ್ತಡ ಲೆಕ್ಕಕ್ಕೆ ಸಿಗದಂತೆ ಏರುತ್ತದೆ. ಒಣ ಗಾಳಿ ಸಿಕ್ಕರೆ ಸಾಕು.

ಪ್ರಶ್ನೆ: ಅರ್ಧ ಸವೆದ ಟೈರ್ ಇವೆ. ಟ್ರ್ಯಾಕ್‌ಗೆ ಹೊಸದೇ ಹಾಕಬೇಕಾ? ಅಗಲದ್ದು ಹಾಕಲಾ? — ಬೇಲೂರು

ಉತ್ತರ: ಒಣ ಟ್ರ್ಯಾಕ್‌ಗೆ ಅರ್ಧ ಸವೆದದ್ದೇ ಮೇಲು. ಹೊಸ ಟೈರ್‌ನ ಎತ್ತರದ ಬ್ಲಾಕ್‌ಗಳು ತಿರುವಿನಲ್ಲಿ ಅಲ್ಲಾಡುತ್ತವೆ, ಬೇಗ ಬಿಸಿಯಾಗುತ್ತವೆ, ಚೂರುಚೂರಾಗಿ ಕಿತ್ತು ಬರುತ್ತವೆ. ಆದರೆ ವಯಸ್ಸು ನೋಡಿ. ಟೈರ್‌ನ ಪಕ್ಕದ ಗೋಡೆಯ ಮೇಲೆ DOT ಎಂದು ಶುರುವಾಗುವ ಸಂಕೇತದ ಕೊನೆಯಲ್ಲಿ ನಾಲ್ಕು ಅಂಕೆಗಳಿರುತ್ತವೆ, ತಯಾರಾದ ವಾರ ಮತ್ತು ವರ್ಷ. 2322 ಎಂದಿದ್ದರೆ 2022ರ 23ನೇ ವಾರ. ಶೆಡ್‌ನಲ್ಲಿ ವರ್ಷಗಟ್ಟಲೆ ನಿಂತು ಗಟ್ಟಿಯಾದ ಟೈರ್, ಬಿರುಕು ಬಿಟ್ಟ ಟೈರ್, ಪಕ್ಕ ಉಬ್ಬಿದ ಟೈರ್ ಬೇಡವೇ ಬೇಡ. ನೀವು ಅದೇ ಟೈರ್‌ನಲ್ಲಿ ಮನೆಗೂ ಬರಬೇಕು. ರಸ್ತೆಯ ಮೇಲೆ ಟೈರ್ ಗೀರುಗಳ ಆಳಕ್ಕೆ ಕಾನೂನಿನ ಕನಿಷ್ಠ 1.6 ಮಿಮೀ, ಮಲೆನಾಡಿನ ಮಳೆಗೆ 3 ಮಿಮೀ ಉಳಿದಿರಲಿ.

ಅಗಲದ ಬಗ್ಗೆ ಒಂದೇ ಮಾತು. ರಿಮ್‌ಗೆ ಹೊಂದದಷ್ಟು ಅಗಲದ ಟೈರ್ ಹಾಕಿದರೆ ಪಕ್ಕದ ಗೋಡೆ ಹೊರಳಾಡುತ್ತದೆ. ಅದೇ ಅಗಲದಲ್ಲಿ ಒಳ್ಳೆಯ ರಬ್ಬರ್ ಇರುವ ಟೈರ್‌ಗೆ ದುಡ್ಡು ಹಾಕಿ.

ಪ್ರಶ್ನೆ: ಸೆಟಪ್ ಸರಿಯಾಗಿದೆಯಾ ಎಂದು ನೋಡಲು ಮುಳ್ಳಯ್ಯನಗಿರಿ ರಸ್ತೆಯಲ್ಲೋ ಚಾರ್ಮಾಡಿಯಲ್ಲೋ ಬೆಳಗಿನ ಜಾವ ಓಡಿಸಿದರೆ? — ಚಿಕ್ಕಮಗಳೂರು

ಉತ್ತರ: ಬೇಡ. ದಯವಿಟ್ಟು ಬೇಡ. ಅಲ್ಲಿ ತಿರುವಿನಾಚೆ ಹಾಲಿನ ಗಾಡಿ, ತೋಟದ ಕೆಲಸಕ್ಕೆ ನಡೆದು ಹೋಗುವ ಹೆಂಗಸರು, ಕಾಡುಪ್ರಾಣಿ, ಏನು ಬೇಕಾದರೂ ಇರಬಹುದು. ಅಲ್ಲದೆ ಟೈರ್ ಟ್ರ್ಯಾಕ್‌ನಲ್ಲಿ ಬಿಸಿಯಾಗುವಷ್ಟು ಅಲ್ಲಿ ಬಿಸಿಯಾಗುವುದೇ ಇಲ್ಲ, ಏನೂ ತಿಳಿಯುವುದಿಲ್ಲ. ನಮ್ಮ ಊರಿನ ತೋಟಗಳಲ್ಲಿ ರಾಷ್ಟ್ರೀಯ ರ್‍ಯಾಲಿ ಓಡಿದ್ದನ್ನು ನೋಡಿ ಬೆಳೆದವರು ನಾವು. ಅಲ್ಲೂ ರಸ್ತೆ ಮುಚ್ಚಿ, ಮಾರ್ಷಲ್‌ಗಳನ್ನು ನಿಲ್ಲಿಸಿ, ಆಂಬುಲೆನ್ಸ್ ಇಟ್ಟ ಮೇಲೆಯೇ ಕಾರು ಬಿಡುತ್ತಾರೆ. ಕೊಯಮತ್ತೂರಿನ ಕರಿ ಸ್ಪೀಡ್‌ವೇ 2.1 ಕಿಮೀ ಉದ್ದದ ಟ್ರ್ಯಾಕ್, ನಮಗೆ ಚೆನ್ನೈಗಿಂತ ಹತ್ತಿರ. ಪರೀಕ್ಷೆ ಮಾಡುವುದಾದರೆ ಅಲ್ಲಿ ಮಾಡಿ.

ಪ್ರಶ್ನೆ: ಒಂದೇ ಕಾರು, ವಾರವೆಲ್ಲ ಆಫೀಸಿಗೆ ಬೇಕು. ಟ್ರ್ಯಾಕ್ ಮುಗಿದ ಮೇಲೆ ಎಲ್ಲಾ ಮೊದಲಿನ ಹಾಗೆ ಮಾಡಬೇಕಾ? — ಹಾಸನ

ಉತ್ತರ: ಎಲ್ಲವನ್ನೂ ಅಲ್ಲ. ಕ್ಯಾಂಬರ್ ಮೈನಸ್ ಒಂದೂವರೆಯಷ್ಟಿದ್ದರೆ ಹಾಗೇ ಬಿಡಿ. ಟೋ ಮಾತ್ರ ಸೊನ್ನೆಗೆ ತನ್ನಿ, ಇರುಂಗಾಟ್ಟುಕೋಟ್ಟೈಯಿಂದ ಹಾಸನಕ್ಕೆ 500 ಕಿಮೀ ಹತ್ತಿರ ಆಗುತ್ತದೆ. ಇದಕ್ಕೆ ಅಲ್ಲಿ ದಾರ ಕಟ್ಟುತ್ತಾ ಕೂರಬೇಕಿಲ್ಲ. ಊರಲ್ಲೇ ಮೊದಲು ಸೊನ್ನೆ ಟೋ ಇಟ್ಟು ಟೈ ರಾಡ್ ಮತ್ತು ಅದರ ತುದಿಗೆ ಸೇರಿಸಿ ಬಿಳಿ ಪೇಂಟ್‌ನಲ್ಲಿ ಗೆರೆ ಎಳೆಯಿರಿ. ಟ್ರ್ಯಾಕ್‌ನ ಅಳತೆಗೆ ಎಷ್ಟು ಸುತ್ತು ತಿರುಗಿಸಿದಿರಿ ಎಂದು ಎಣಿಸಿ ಬರೆದಿಡಿ, ಕಾಲು ಸುತ್ತೋ ಅರ್ಧ ಸುತ್ತೋ. ಅಲ್ಲಿ ಸಂಜೆ ಅಷ್ಟೇ ಹಿಂದಕ್ಕೆ ತಿರುಗಿಸಿ ಲಾಕ್ ನಟ್ ಬಿಗಿ ಮಾಡಿದರೆ ಆಯಿತು.

ಇನ್ನೆರಡು ಕೆಲಸ ಹೊರಡುವ ಮೊದಲೇ ಮುಗಿಸಿ. ಬಿಸಿಯಲ್ಲಿ ಗಾಳಿ ಬಿಟ್ಟ ಟೈರ್ ತಣ್ಣಗಾದಾಗ 28, 29ಕ್ಕೆ ಇಳಿದಿರುತ್ತದೆ. ಆ ಗಾಳಿಯಲ್ಲಿ, ಡಿಕ್ಕಿ ತುಂಬಾ ಸಾಮಾನು ಹೇರಿಕೊಂಡು ಹೆದ್ದಾರಿಗೆ ಇಳಿಯಬೇಡಿ. ಚಿಕ್ಕ ಕಂಪ್ರೆಸರ್ ಒಂದನ್ನು ಡಿಕ್ಕಿಯಲ್ಲಿಟ್ಟುಕೊಂಡು ಅಲ್ಲೇ ಸ್ಟಿಕ್ಕರ್ ಅಳತೆಗೆ ತುಂಬಿಸಿ. ವೀಲ್ ನಟ್‌ಗಳನ್ನು ಚಕ್ರ ಪೂರ್ತಿ ಆರಿದ ಮೇಲೆ ಟಾರ್ಕ್ ರೆಂಚ್‌ನಲ್ಲಿ, ಕಾರಿನ ಪುಸ್ತಕದಲ್ಲಿ ಕೊಟ್ಟ ಅಂಕಿಗೆ ನೋಡಿ. ಬೆಳಿಗ್ಗೆ ಮೊದಲ ಸುತ್ತು ಮುಗಿಸಿ ಬಂದಾಗಲೂ ಒಮ್ಮೆ ನೋಡಿರಬೇಕು.